ಹನ್ನೆರಡು ಶನಿವಾರ

ಬಸವಲಿಂಗಪ್ಪನವರಿಗೆ ಪ್ರಮೋಶನ್ ಬಂದದ್ದು ಎರಡು ಸಾವಿರದ ಐದನೇ ಇಸವಿಯ ಮಾರ್ಚಿನಲ್ಲಿ. ಇಪ್ಪತ್ತಾರು ವರ್ಷ ದೇಶದ ರಾಜಧಾನಿಯ ಒಂದೇ ಸಚಿವಾಲಯದಲ್ಲಿ ಫೈಲು ಹೊತ್ತು ಸವೆದವರು ಕೊನೆಗೂ ಸೆಕ್ಷನ್ ಆಫೀಸರ್ ಆದರು. ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ಹೆಂಡತಿ ಮೈತ್ರೇಯಿ ಅಕ್ಕಪಕ್ಕದ ಮನೆಗಳಿಗೆಲ್ಲ ಲಡ್ಡು ಹಂಚಿದರು. ದಾವಣಗೆರೆಯಿಂದ ಅಣ್ಣ ಫೋನು ಮಾಡಿ, "ಅಂತೂ ಸಾಹೇಬ ಆದೆಯಲ್ಲೋ" ಎಂದು ಎರಡೆರಡು ಸಲ ಹೇಳಿದ. ಅದೇ ವರ್ಷ ದೀಪಾವಳಿಯ ಹೊತ್ತಿಗೆ ಆ ಸಾಹೇಬರು ಬೆಳಿಗ್ಗೆ ಒಂದು ಕಾಲಿನ ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಮಂಚದ ಅಂಚಿನಲ್ಲಿ ಅರ್ಧ ಗಂಟೆ ಕೂತಿರುತ್ತಿದ್ದರು.

ಊಟ ಸೇರುತ್ತಿರಲಿಲ್ಲ. ನಿದ್ದೆ ಬರುತ್ತಿರಲಿಲ್ಲ. ಆಫೀಸಿನಲ್ಲಿ ನಾಲ್ಕು ಸಾಲಿನ ಟಿಪ್ಪಣಿಯನ್ನು ಆರು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಡಿಸ್ಪೆನ್ಸರಿಯ ಡಾಕ್ಟರು ರಕ್ತ, ಸಕ್ಕರೆ, ಥೈರಾಯ್ಡ್ ಎಲ್ಲ ಪರೀಕ್ಷೆ ಮಾಡಿಸಿ, ಎಲ್ಲವೂ ಸರಿಯಿದೆ ಎಂದು ನೋಡಿಕೊಂಡು, ಮನೋವೈದ್ಯರ ಬಳಿ ಕಳಿಸಿದರು. ಅವರು ಹೇಳಿದ್ದು ಡಿಪ್ರೆಶನ್ ಎಂದು. ಮಾತ್ರೆ ತೆಗೆದುಕೊಳ್ಳಬಹುದು, ಇಲ್ಲವೇ ಮೊದಲು ಮಾತಿನ ಚಿಕಿತ್ಸೆ ಮಾಡಿ ನೋಡಬಹುದು ಎಂದರು.

"ಮಾತಿನಲ್ಲಿ ಎಂಥ ಚಿಕಿತ್ಸೆ? ನನಗೇನು ಹುಚ್ಚೇ?" ಎಂದು ಬಸವಲಿಂಗಪ್ಪನವರು ಮನೆಗೆ ಬಂದು ರೇಗಿದರು.

"ಪಪ್ಪಾ, ಇಟ್ಸ್ ನಾರ್ಮಲ್ ಯಾರ್," ಎಂದ ಕಾಲೇಜಿಗೆ ಹೋಗುವ ಮಗ ಸಾತ್ವಿಕ್. "ನನ್ನ ಫ್ರೆಂಡ್ ಹೋಗ್ತಾ ಇದ್ದ. ಹೌಜ್ ಖಾಸ್‌ನಲ್ಲಿ ಒಬ್ಬರು ಮೇಡಂ ಇದ್ದಾರೆ, ಕನ್ನಡದವರೇ. ಏಕ್ ಬಾರ್ ತೋ ಚಲೋ, ಒಂದೇ ಒಂದು ಸಲ."

ಮೈತ್ರೇಯಿ ವಾದಕ್ಕೆ ಇಳಿಯಲಿಲ್ಲ. ಶನಿವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ಮಂಚದ ಮೇಲಿಟ್ಟರು. ಆಟೊ ಕರೆದು ತಾವೂ ಜೊತೆಗೆ ಹತ್ತಿದರು.

ಆ ಮೇಡಂ ಹೆಸರು ಗಗನಾ. ಮೂವತ್ತೆರಡು ಮೂವತ್ತಮೂರರ ಹೆಂಗಸು. ಮಹಡಿ ಮೇಲಿನ ಸಣ್ಣ ಕೋಣೆ, ಎರಡು ಬೆತ್ತದ ಕುರ್ಚಿ, ಒಂದು ಹೀಟರ್. ಇಷ್ಟು ಚಿಕ್ಕವಳ ಮುಂದೆ ಏನು ಹೇಳುವುದೆಂದು ಅವರು ಹೀಟರಿಗೆ ಕೈ ಕಾಯಿಸತೊಡಗಿದರು. ಗಗನಾ ತಾನೇ ಶುರು ಮಾಡಿದಳು.

"ಸರ್, ನಾವು ಹನ್ನೆರಡು ಸಲ ಭೇಟಿಯಾಗೋಣ. ವಾರಕ್ಕೊಂದು ಸಲ, ಐವತ್ತು ನಿಮಿಷ. ಆಮೇಲೆ ಮುಗೀತು. ಬಹಳ ಜನಕ್ಕೆ ಅಷ್ಟರಲ್ಲಿ ಚೆನ್ನಾಗಿ ಉಪಯೋಗ ಆಗುತ್ತೆ. ಎಲ್ಲರಿಗೂ ಆಗೇ ಆಗುತ್ತೆ ಅಂತ ನಾನು ಹೇಳಲ್ಲ. ಆರನೇ ವಾರ ನಾವಿಬ್ಬರೂ ಕೂತು ನೋಡೋಣ. ಏನೂ ಬದಲಾಗಿಲ್ಲ ಅಂದರೆ ಡಾಕ್ಟರ ಹತ್ತಿರ ಮಾತ್ರೆ ವಿಷಯ ಮಾತಾಡೋಣ."

ಬಸವಲಿಂಗಪ್ಪನವರಿಗೆ ಸ್ವಲ್ಪ ಸಮಾಧಾನವಾಯಿತು. ಇದು ಜೀವನಪೂರ್ತಿ ನಡೆಯುವ ವ್ಯವಹಾರವೆಂದು ಅವರು ಹೆದರಿದ್ದರು.

"ಸಾಯಬೇಕು ಅಂತ ಅನ್ನಿಸುತ್ತಾ ಸರ್?" ಎಂದು ಆಕೆ ನೇರವಾಗಿ ಕೇಳಿದಳು.

ಮನೆಯಲ್ಲಿ ಯಾರೂ ಕೇಳಲು ಧೈರ್ಯ ಮಾಡದ ಪ್ರಶ್ನೆ ಅದು. "ಸಾಯೋ ಪ್ರಯತ್ನ ಏನಿಲ್ಲ. ಬೆಳಿಗ್ಗೆ ಎಚ್ಚರ ಆಗದೇ ಇದ್ದರೆ ಒಳ್ಳೇದಿತ್ತು ಅನ್ನಿಸುತ್ತೆ," ಎಂದರು. ಗಗನಾ ಗಾಬರಿಯಾಗಲಿಲ್ಲ. ಆ ಯೋಚನೆ ಜೋರಾದರೆ ಯಾರಿಗೆ ಹೇಳಬೇಕು, ಯಾವ ನಂಬರಿಗೆ ಫೋನು ಮಾಡಬೇಕು ಎಂದು ಇಬ್ಬರೂ ಸೇರಿ ಒಂದು ಚೀಟಿಯಲ್ಲಿ ಬರೆದರು. ಪ್ರತಿ ವಾರವೂ ಬಂದ ಕೂಡಲೇ ಆಕೆ ಆ ಪ್ರಶ್ನೆಯನ್ನು ತಪ್ಪದೆ ಕೇಳಿದಳು.

ಎರಡನೇ ಶನಿವಾರ, ಈ ಕಾಯಿಲೆ ಹೇಗೆ ಶುರುವಾಯಿತು ಎಂದು ಗಗನಾ ಕೇಳಿದಾಗ, "ಕಾರಣವೇ ಇಲ್ಲಮ್ಮ, ಅದೇ ನನಗೆ ನಾಚಿಕೆ," ಎಂದರು. "ಮಗ ಚೆನ್ನಾಗಿ ಓದ್ತಾನೆ. ಮನೆಯವಳು ಒಳ್ಳೆಯವಳು. ಪ್ರಮೋಶನ್ ಆಯ್ತು."

"ಈಗ ಆಫೀಸಿನಲ್ಲಿ ಮಧ್ಯಾಹ್ನದ ಊಟ ಎಲ್ಲಿ ಮಾಡ್ತೀರಿ?"

ವಿಚಿತ್ರ ಪ್ರಶ್ನೆ ಅನ್ನಿಸಿತು. "ರೂಮಿನಲ್ಲೇ. ಒಬ್ಬನೇ."

"ಮುಂಚೆ?"

ಮುಂಚೆ! ಸಚಿವಾಲಯದ ಮುಂದಿನ ಹುಲ್ಲುಹಾಸಿನಲ್ಲಿ, ಚಳಿಗಾಲದಲ್ಲಿ ಬಿಸಿಲಿಗೆ, ಉಳಿದ ದಿನ ಮರದ ನೆರಳಿಗೆ, ನಾಲ್ವರು ಹಳೆಯ ಪೇಪರು ಹಾಸಿಕೊಂಡು ಕೂರುತ್ತಿದ್ದರು. ಡಬ್ಬಿಗಳೆಲ್ಲ ನಡುವೆ. ಇವರ ಮನೆಯ ಚಟ್ನಿಪುಡಿಗೆ ಪೈಪೋಟಿ. ಊಟವಾದ ಮೇಲೆ ಇಸ್ಪೀಟು, ಕಡಲೆಕಾಯಿ, ಹರಟೆ. ಹದಿನೆಂಟು ವರ್ಷ ಹಾಗೇ ನಡೆದಿತ್ತು. ಅವರಲ್ಲಿ ಗೋಪಾಲ ಸೈನಿ ಎಂಬಾತ ಇವರ ಜೀವದ ಗೆಳೆಯ, ಪಕ್ಕದ ಮೇಜಿನವನು. ಬಡ್ತಿಯಾದ ಮೇಲೆ ಅದೇ ಗೋಪಾಲ ಇವರ ಕೈಕೆಳಗಿನವನಾದ. ಆಗಸ್ಟಿನಲ್ಲಿ ಅವನು ಪದೇ ಪದೇ ತಡವಾಗಿ ಬರುತ್ತಿದ್ದುದಕ್ಕೆ ಮೇಲಿನವರು ಎಚ್ಚರಿಕೆಯ ಮೆಮೊ ಕೊಡಲು ಹೇಳಿದರು, ಅದಕ್ಕೆ ಇವರೇ ಸಹಿ ಹಾಕಬೇಕಾಯಿತು. ಮರುದಿನ ಹುಲ್ಲುಹಾಸಿನ ಕಡೆ ಹೋದರೆ ಮೂವರೂ ಎದ್ದು ನಿಂತರು. ಗೋಪಾಲ, "ಆಯಿಯೇ ಸರ್," ಎಂದು ಬಹುವಚನದಲ್ಲಿ ಸ್ವಾಗತಿಸಿದ.

"ಹದಿನೆಂಟು ವರ್ಷ ನನ್ನನ್ನ 'ಅಬೇ ಬಸ್ವಾ' ಅಂತ ಏಕವಚನದಲ್ಲೇ ಕರೀತಿದ್ದವನು..." ಎನ್ನುತ್ತ ಮುಖ ಮುಚ್ಚಿಕೊಂಡರು. ಐವತ್ತೆರಡು ವರ್ಷದ ಮನುಷ್ಯ ಬೆತ್ತದ ಕುರ್ಚಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತರು.

ಗಗನಾ ನೀರು ಕೊಟ್ಟಳು. "ನಿಮಗೆ ಏನು ಸಿಕ್ಕಿತು ಅಂತ ಎಲ್ಲರೂ ಲಡ್ಡು ತಿಂದರು ಸರ್. ಏನು ಹೋಯ್ತು ಅಂತ ಯಾರೂ ಕೇಳಲಿಲ್ಲ. ಈ ಹನ್ನೆರಡು ವಾರ ನಾವು ಅದನ್ನೇ ಹಿಡ್ಕೊಳ್ಳೋಣ. ಬೇರೆ ಏನೂ ಬೇಡ."

ಹಾಗೆ ಒಂದೇ ವಿಷಯ ಹಿಡಿದು ಕೂತರು. ಬಾಲ್ಯ, ಜಾತಕ, ಪೂರ್ವಕರ್ಮ ಯಾವುದೂ ಅಲ್ಲ. ಈ ಮಾರ್ಚಿನಿಂದ ಈಚೆಗೆ ಏನೇನಾಯಿತು, ಯಾರ ಜೊತೆ ಮಾತು ನಿಂತಿತು, ಮತ್ತೆ ಹೇಗೆ ಶುರು ಮಾಡುವುದು, ಇಷ್ಟೇ. ಪ್ರತಿ ವಾರ ಏನಾದರೂ ಒಂದು ಸಣ್ಣ ಕೆಲಸ ಇರುತ್ತಿತ್ತು. ಸಂಜೆ ಮೈತ್ರೇಯಿ ಜೊತೆ ಪಾರ್ಕಿನಲ್ಲಿ ಎರಡು ಸುತ್ತು. ದಿನ ಹೇಗಿತ್ತೆಂದು ಹತ್ತಕ್ಕೆ ಅಂಕ ಕೊಟ್ಟು ಬರೆಯುವುದು. ಮೊದಲ ವಾರಗಳಲ್ಲಿ ಎರಡು, ಎರಡು, ಮೂರು, ಎರಡು.

ನಾಲ್ಕನೇ ವಾರ ಅವರು ಹೋಗಲೇ ಇಲ್ಲ. ಹೊದ್ದುಕೊಂಡು ಮಲಗಿಬಿಟ್ಟರು. ಅಳಿಸಿ ಕಳಿಸುತ್ತಾಳೆ, ಅದರಿಂದ ಆಗುವುದೇನು ಎಂದು ಸಿಟ್ಟು. ಹನ್ನೊಂದೂವರೆಗೆ ಗಗನಾಳ ಫೋನು ಬಂತು. ಬೈಗುಳವನ್ನು ನಿರೀಕ್ಷಿಸಿದ್ದರು. "ಇವತ್ತು ಬರೋಕೆ ಆಗದೇ ಇದ್ದದ್ದು ಕಾಯಿಲೆಯ ಲಕ್ಷಣ ಸರ್, ನಿಮ್ಮ ತಪ್ಪಲ್ಲ. ಮಂಗಳವಾರ ಆಫೀಸು ಬಿಟ್ಟ ಮೇಲೆ ಬರ್ತೀರಾ?" ಎಂದಳು. ಅಷ್ಟೇ. ಮಂಗಳವಾರ ಹೋದರು.

ಆರನೇ ವಾರ ಅಂಕಗಳ ಹಾಳೆ ನೋಡಿದರು. ನಾಲ್ಕು ಎಂಬ ಅಂಕ ಮೂರು ಸಲ ಬಂದಿತ್ತು. ಮೂರೂ ಬಾರಿ ಯಾರ ಜೊತೆಗೋ ಕೂತು ಮಾತಾಡಿದ ದಿನಗಳೇ. "ನೀವೇ ನೋಡಿ ಸರ್," ಎಂದಳು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಮಾತ್ರೆ ಈಗ ಬೇಡ, ಹೀಗೇ ಮುಂದುವರಿಯೋಣ ಎಂದು ನಿಶ್ಚಯವಾಯಿತು.

ಏಳನೇ ವಾರ ಗೋಪಾಲನ ಜೊತೆ ಮಾತಾಡುವ ತಾಲೀಮು. ಗಗನಾ ಗೋಪಾಲನಾದಳು. "ಬತಾಯಿಯೇ, ಕ್ಯಾ ಆದೇಶ್ ಹೈ?" ಎಂದು ಅಪ್ಪಣೆ ಕೇಳುವ ಶುದ್ಧ ಹಿಂದಿಯಲ್ಲಿ ಗಂಭೀರವಾಗಿ ಕೇಳಿದಳು. ಬಸವಲಿಂಗಪ್ಪನವರು ಗೊಳ್ಳನೆ ನಕ್ಕುಬಿಟ್ಟರು. "ಅಯ್ಯೋ ಇಲ್ಲಮ್ಮ, ಅವನು ರೋಹ್ತಕ್ ಕಡೆಯವನು. ಮಾತಾಡಿದರೆ ಜಗಳ ಆಡಿದ ಹಾಗಿರುತ್ತೆ!" ಎಂದು ತಾವೇ ಗೋಪಾಲನಾಗಿ ಮಾಡಿ ತೋರಿಸಿದರು. ನಕ್ಕದ್ದು ತಾವೇ ಎಂದು ಆಮೇಲೆ ಹೊಳೆಯಿತು. ಎಷ್ಟು ತಿಂಗಳಾಗಿತ್ತೋ.

ಮುಂದಿನ ಬುಧವಾರ ಸಂಜೆ ಗೇಟಿನ ಹೊರಗಿನ ಚಹಾ ಅಂಗಡಿಗೆ ಗೋಪಾಲನನ್ನು ಕರೆದರು. "ಭಯ್ಯಾ, ದೋ ಚಾಯ್," ಎಂದು ಹೇಳಿ, ಕಲಿತ ಹಾಗೆ ಬಳಸು ಮಾತಿಲ್ಲದೆ ಹಿಂದಿಯಲ್ಲಿ ಹೇಳಿದರು: "ಮೆಮೊಗೆ ಸಹಿ ಹಾಕಿದ್ದು ನನ್ನ ಕೆಲಸ, ಹಾಕಲೇಬೇಕಿತ್ತು. ಆದರೆ ಹಾಕುವ ಮೊದಲು ನಿನಗೆ ಹೇಳಬೇಕಿತ್ತು. ಹೇಳಲಿಲ್ಲ. ಅದು ನನ್ನ ತಪ್ಪು. ನೀನಿಲ್ಲದೆ ನನಗೆ ತುಂಬಾ ಕಷ್ಟ ಆಗಿದೆ."

ಗೋಪಾಲ ಲೋಟವನ್ನು ಕೆಳಗಿಟ್ಟ. "ಮೆಮೊ ಸಿಟ್ಟು ನನಗೆ ಎರಡು ದಿನ ಇತ್ತು. ಆಮೇಲೆ ನೀನು ಬರೋದೇ ಬಿಟ್ಟೆ. ಸಾಹೇಬನಿಗೆ ಈಗ ನಮ್ಮ ಜೊತೆ ಕೂರೋಕೆ ನಾಚಿಕೆ ಅಂದ್ಕೊಂಡೆವು." ಮತ್ತೆ ಲೋಟ ಎತ್ತಿಕೊಂಡು, "ತಡವಾಗಿ ಬರ್ತಿದ್ದೆನಲ್ಲ, ಅಪ್ಪನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ. ನಾನೂ ಹೇಳಲಿಲ್ಲ," ಎಂದ.

ಹಳೆಯದೆಲ್ಲ ಹಾಗೇ ಮರಳಲಿಲ್ಲ. ಒಂದು ಮಧ್ಯಾಹ್ನ ಹುಲ್ಲುಹಾಸಿಗೆ ಹೋಗಿ ಇಸ್ಪೀಟು ಹಿಡಿದರು. ಆದರೆ ಈಚೆಗೆ ಗುಂಪು ಸೇರಿದ್ದ ಹೊಸ ಹುಡುಗರು ಸಾಹೇಬರು ಬಂದರೆಂದು ಸೆಟೆದು ಕೂತರು, ಹರಟೆ ಬತ್ತಿಹೋಯಿತು. ಆ ವಾರ ಗಗನಾಳ ಮುಂದೆ ಇನ್ನೊಮ್ಮೆ ಕಣ್ಣೊರೆಸಿಕೊಂಡರು. ಈ ಸಲದ ದುಃಖಕ್ಕೆ ತಳವಿತ್ತು, ಕಾಲು ಊರಬಹುದಿತ್ತು. ಗೋಪಾಲ ಈಗ ಹೆಂಡತಿಯನ್ನು ಕರೆದುಕೊಂಡು ಭಾನುವಾರ ಮನೆಗೇ ಬರತೊಡಗಿದ. ಆಫೀಸಿನ ಊಟಕ್ಕೆ ಮೇಲಿನ ಮಹಡಿಯ ಇನ್ನೊಬ್ಬ ಸೆಕ್ಷನ್ ಆಫೀಸರ್ ಸಿಕ್ಕರು, ತಮ್ಮಂತೆಯೇ ಕೋಣೆಯಲ್ಲಿ ಒಂಟಿಯಾಗಿ ತಿನ್ನುತ್ತಿದ್ದವರು. ಹೊಸ ಗುಮಾಸ್ತರಿಗೆ ಟಿಪ್ಪಣಿ ಬರೆಯುವುದನ್ನು ಕಲಿಸುವಾಗ ತಮಗೆ ಈ ಕುರ್ಚಿ ಅಷ್ಟೇನೂ ಒಗ್ಗದ್ದಲ್ಲ ಎನ್ನಿಸಿತು. ಹಾಳೆಯಲ್ಲಿ ಐದು, ಆರು, ಒಮ್ಮೆ ಏಳು.

ಹನ್ನೆರಡನೆಯ ಶನಿವಾರ ಫೆಬ್ರವರಿಯಲ್ಲಿ ಬಂತು. ಕಾಯಿಲೆ ಮತ್ತೆ ತಲೆಯೆತ್ತಿದರೆ ಮೊದಲು ಕಾಣುವ ಗುರುತುಗಳನ್ನು ಇಬ್ಬರೂ ಬರೆದಿಟ್ಟರು: ಫೋನು ಎತ್ತದಿರುವುದು, ಊಟದ ಡಬ್ಬಿ ಹಾಗೇ ಮನೆಗೆ ಬರುವುದು. ಮುಂದೆ ಎರಡು ವರ್ಷದ ಮೇಲೆ ಒಮ್ಮೆ ಹಾಗಾದಾಗ ಅವರು ತಾವೇ ಫೋನು ಮಾಡಿ, ಮೂರು ಸಲ ಹೋಗಿ ಚೇತರಿಸಿಕೊಂಡರು. ಆದರೆ ಆ ಕೊನೆಯ ಶನಿವಾರ ಅವರಿಗೆ ಹೊರಡಲು ಮನಸ್ಸೇ ಬರಲಿಲ್ಲ.

"ನೀನು ನನ್ನ ಜೀವ ಉಳಿಸಿದೆ ತಾಯಿ," ಎಂದು ಕೈಮುಗಿದರು. ಏಕವಚನ ತಾನಾಗಿ ಬಂದಿತ್ತು.

"ಚಹಾ ಅಂಗಡಿಗೆ ಹೋದವರು ನೀವು ಸರ್. ನಾನು ಇಲ್ಲೇ ಕೂತಿದ್ದೆ," ಎಂದಳು ಗಗನಾ. ಆಕೆಯ ಕಣ್ಣೂ ತುಂಬಿತ್ತು.

ಕೆಳಗಿಳಿದರೆ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಮೈತ್ರೇಯಿ ಶಾಲು ಹೊದ್ದು ಕೂತಿದ್ದರು. ಜನವರಿಯ ಮಂಜಿನಲ್ಲೂ ಅಲ್ಲೇ ಕೂತಿದ್ದರು. ಬಸವಲಿಂಗಪ್ಪನವರು ಪಕ್ಕದಲ್ಲಿ ಕೂತರು.

"ಇಷ್ಟು ವಾರ ಇಲ್ಲಿ ಏನು ಮಾಡ್ತಿದ್ದೆ?"

"ಏನ್ರೀ ಮಾಡೋದು? ಒಂದೊಂದು ಸಲ ತರಕಾರಿ ತಗೊಳ್ತಿದ್ದೆ. ಮೊದಲ ಎರಡು ವಾರ ಅಳ್ತಿದ್ದೆ. ಆಮೇಲೆ ನೀವು ಮೆಟ್ಟಿಲು ಇಳಿಯೋ ಸಪ್ಪಳ ಕೇಳ್ತಿದ್ದೆ. ವಾರ ವಾರಕ್ಕೂ ಬೇಗ ಬೇಗ ಇಳೀತಿದ್ರಿ."

ಇದನ್ನು ಇಷ್ಟು ದಿನ ಯಾಕೆ ಕೇಳಲಿಲ್ಲ ಎಂದು ಅವರಿಗೆ ಸಂಕಟವಾಯಿತು. ಆಕೆಯ ತಣ್ಣನೆಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು, ದಾರಿಯಲ್ಲಿ ಹೋಗುವವರು ನೋಡಿದರೆ ನೋಡಲಿ ಎಂದು, ಸುಮಾರು ಹೊತ್ತು ಹಾಗೇ ಕೂತರು.