ಆಮೇಲಮ್ಮ

ಫಿನಾಯಿಲ್ ಅಲ್ಲ, ಇದು ನಿಂಬೆಹಣ್ಣಿನ ವಾಸನೆಯ ಬೇರೆ ಏನೋ, ಈಗಷ್ಟೇ ನೆಲ ಒರೆಸಿದ್ದಾರೆ, ನೆಲ ಅಂದರೆ ನೆಲವೂ ಅಲ್ಲ, ಕಾಲಿಟ್ಟರೆ ಮೆತ್ತಗೆ ಒಳಗಿಳಿಯುವ ಹಾಸು, ಬಿದ್ರೂ ಮಗೂಗೆ ಏನೂ ಆಗಲ್ಲ ಮೇಡಂ, ಎಂದು ಡೇಕೇರಿನ ಮ್ಯಾನೇಜರಮ್ಮ ಹೇಳುತ್ತಿದ್ದಂತೆ ಫೋನು ಬಂತು, ಒಂದು ನಿಮಿಷ ಕೂತಿರಿ, ಮಕ್ಕಳು ಹೇಗಿದಾರೆ ನೀವೇ ನೋಡ್ತಿರಿ — ನೋಡುತ್ತಿದ್ದಾಳೆ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒಂದೂವರೆ ವರ್ಷದ ನೆತ್ತಿ ಗದ್ದಕ್ಕೆ ಬೆಚ್ಚಗೆ ತಾಗುತ್ತಿದೆ, ಸೋಮವಾರದಿಂದ ಈ ನೆತ್ತಿಯನ್ನು ಇಲ್ಲಿ ಬಿಟ್ಟು ಕನ್ನಡಕದ ಅಂಗಡಿಗೆ ಹೋಗಬೇಕು, ಮಬ್ಬು ಕೋಣೆಯಲ್ಲಿ ಬಂದವರ ಕಣ್ಣಿಗೆ ಒಂದೊಂದೇ ಗಾಜು ಇಟ್ಟು ಈಗ ಹೇಗೆ ಕಾಣುತ್ತೆ, ಈಗ, ಎಂದು ಕೇಳುತ್ತಾ ಕೂರಬೇಕು, ರಜೆ ಮುಗಿಯಿತು, ಇನ್ನು ಸಬೂಬು ನಡೆಯುವುದಿಲ್ಲ. ಚೆನ್ನಾಗಿದೆ ಅನ್ನಬೇಕು, ಚೆನ್ನಾಗಿಯೇ ಇದೆ, ಗೋಡೆಯ ಮೇಲೆ ಆನೆ, ಮೂಲೆಯಲ್ಲಿ ಕ್ಯಾಮೆರಾ, ನಿಮ್ಮ ಫೋನಲ್ಲೇ ನೋಡಬಹುದು, ಇನ್ನೇನು ಬೇಕು ನಿಂಗೆ ಎಂದು ಮನೆಗೆ ಹೋದರೆ ಗಂಡ ಕೇಳುತ್ತಾನೆ, ನೋಡಿದ್ದು ಇದು ಮೂರನೇದು, ಎಲ್ಲಾ ಕಡೆ ಹೀಗೇ ಇರುತ್ತೆ, ನಿಂಗೆ ಆ ಗಿರಣಿ ಆಯಾ ತಲೆಗೆ ಹತ್ತಿದಾಳೆ. ಹತ್ತಿದ್ದಾಳೆ, ಇಲ್ಲ ಅನ್ನುವುದಿಲ್ಲ, ಆದರೂ ಇಲ್ಲಿ ಏನೋ ಇಲ್ಲ, ಏನಿಲ್ಲ — ಸದ್ದು, ಏಳೆಂಟು ಮಕ್ಕಳು ಸೇರಿದ ಕಡೆ ಸದ್ದೇ ಇಲ್ಲ, ಅಲ್ಲಿ ಕಿವಿಯ ಮೇಲೆ ಕೈ ಇಡಬೇಕಿತ್ತು.

ಅಲ್ಲಿ, ಅಂದರೆ ನೂಲಿನ ಗಿರಣಿಯ ಹಿಂದಿನ ಆ ಉದ್ದನೆಯ ಕೋಣೆ, ಹತ್ತಿಯ ಮೂಟೆ ಒಟ್ಟುತ್ತಿದ್ದ ಗೋದಾಮಿಗೆ ಸುಣ್ಣ ಬಳಿದು ಮಕ್ಕಳ ಕೋಣೆ ಮಾಡಿದ್ದು, ಗೋಡೆಯಾಚೆ ಅಮ್ಮ, ಕಡಿದ ಎಳೆ ಕೂಡಿಸುತ್ತಾ, ಗೋಡೆಯೀಚೆ ತಾನು, ಬೆನ್ನು ಕೊಟ್ಟು ಕೂತರೆ ಯಂತ್ರದ ಗಡಗಡಕ್ಕೆ ಮೈಯೆಲ್ಲ ಜುಮ್ಮೆನ್ನುತ್ತಿತ್ತು, ಆಟದ ಸಾಮಾನು ಅಂದರೆ ನೂಲು ಮುಗಿದ ರಟ್ಟಿನ ಕೊಳವೆಗಳು, ಅದೇ ಗೊಂಬೆ, ಅದೇ ತುತ್ತೂರಿ, ಅದೇ ಟೊಪ್ಪಿ, ಸಂಜೆ ಅಮ್ಮಂದಿರು ತಲೆತುಂಬ ಹತ್ತಿಯ ಎಳೆ ಹೊತ್ತು ಬಾಗಿಲಲ್ಲಿ ನಿಂತರೆ, ಅಮ್ಮಂದಿರಿಗೆ ದಿನಾ ಸಂಜೆ ವಯಸ್ಸಾಗುತ್ತದೆ, ಬೆಳಿಗ್ಗೆ ಸರಿಹೋಗುತ್ತದೆ ಎಂದೇ ತಾನು ತಿಳಿದದ್ದು. ಮತ್ತೆ ನಮ್ಮ ಆಯಾ ಆಮೇಲಮ್ಮ, ಅವಳ ನಿಜವಾದ ಹೆಸರು ಯಾರಿಗೆ ಗೊತ್ತಿತ್ತು, ದಪ್ಪ ಹೆಂಗಸು, ಮಂಡಿನೋವು, ಯಂತ್ರದ ಪಕ್ಕ ನಿಂತೂ ನಿಂತೂ ಕಿವಿ ಮಂದವಾಗಿತ್ತು, ಮಕ್ಕಳ ಕೋಣೆಗೆ ಹಾಕಿ ಅವಳನ್ನ, ಎಷ್ಟು ಕಿರುಚಿದ್ರೂ ತಲೆನೋವು ಬರಲ್ಲ, ಎಂದು ಮೇಸ್ತ್ರಿ ನಗಾಡಿದ್ದನಂತೆ, ನಗಾಡಿದರೆ ನಗಾಡಲಿ, ಅವನ ತಮಾಷೆ ನಮ್ಮ ಭಾಗ್ಯವಾಯಿತು. ಕಿವಿ ಕೇಳದ್ದಕ್ಕೆ ತಾನೇ ಅವಳು ಮುಖ ನೋಡುತ್ತಿದ್ದದ್ದು, ದೂರದಿಂದ ಹೂಂ ಹೂಂ ಎಂದು ಸಾಗಹಾಕುವಂತೆಯೇ ಇರಲಿಲ್ಲ, ಮಗು ಏನೋ ಅಂದರೆ ಕೈಯಲ್ಲಿದ್ದದ್ದನ್ನು ಬಿಟ್ಟು, ಅಯ್ಯಪ್ಪಾ ಎಂದು ಮಂಡಿ ಹಿಡಿದು ಕುಕ್ಕರುಗಾಲಲ್ಲಿ ಕೂತು, ಮುಖಕ್ಕೆ ಮುಖ ತಂದು, ತುಟಿಯನ್ನೇ ನೋಡುತ್ತಾ, ಹೂಂ, ಆಮೇಲೆ? — ಮಾತೇ ಬಾರದ ಕೂಸಿಗೂ ಅದೇ, ಅದು ಬ್ಬ ಅಂದರೆ ಆಮೇಲೆ, ಬ್ಬಬ್ಬ ಅಂದರೆ ಹೌದಾ, ಆಮೇಲೆ, ಕೇಳಿ ಸುಮ್ಮನೆ ಕಾಯುತ್ತಿದ್ದಳು, ಕಾಯುವಾಗ ಅವಳ ಹುಬ್ಬು ಮೇಲೇರಿ ನಿಲ್ಲುತ್ತಿತ್ತು, ಅದು ಕೆಳಗಿಳಿಯಬೇಕಾದರೆ ನೀನು ಏನಾದರೂ ಹೇಳಲೇಬೇಕು. ಹೇಳುತ್ತಿದ್ದೆವು, ಇರುವೆ ಹೋಯ್ತು, ಆಮೇಲೆ, ಗೋಡೆ ಹತ್ತಿತು, ಆಮೇಲೆ, ಇರುವೆಗೆ ಅವರಮ್ಮ ಬೈದ್ಲು, ಅಯ್ಯೋ ಪಾಪ, ಆಮೇಲೆ — ಮೂರು ವರ್ಷಕ್ಕೇ ಬಾಯಿಬಡುಕರು, ಒಂದನೇ ಕ್ಲಾಸಿನ ಟೀಚರು ಈ ಗಿರಣಿ ಮಕ್ಕಳೇನ್ರೀ ಹೊಟ್ಟೆಯಲ್ಲೇ ಮಾತು ಕಲಿತು ಬಂದಿದಾವಾ ಎಂದಿದ್ದರು. ಮನೆಗೆ ಬಂದರೆ ಅಮ್ಮನ ಬಾಯಲ್ಲೂ ಆಮೇಲೆ, ದಣಿದು ಬಂದು ಒಲೆ ಮುಂದೆ ನಿಂತವಳ ಆಮೇಲೆ ಅಂದರೆ ಈಗ ಬೇಡ, ಸುಮ್ಮನಿರು, ಎಂದು, ತನಗೆಲ್ಲಿ ಗೊತ್ತು, ಆ ಮಾತಿಗೆ ಮುಂದಕ್ಕೆ ಹೇಳು ಎಂಬುದಲ್ಲದೆ ಇನ್ನೊಂದು ಅರ್ಥವಿದೆಯೆಂದೇ ಗೊತ್ತಿಲ್ಲ, ಅಮ್ಮ ಆಮೇಲೆ ಆಮೇಲೆ ಎಂದಷ್ಟೂ ತನ್ನದು ಇನ್ನಷ್ಟು, ಕೊನೆಗೆ ಅಮ್ಮ ಸೌಟು ಕೆಳಗಿಟ್ಟು, ನಿನ್ನ ಬಾಯಿಗೆ ಬೀಗ ಹಾಕೋರು ಯಾರೂ ಇಲ್ವೇನೇ ತಾಯಿ, ಎಂದು ಸೋತು ನಕ್ಕು, ಸರಿ ಹೇಳು, ಏನು ಮಾಡ್ತಂತೆ ಆ ಇರುವೆ, ಎನ್ನುತ್ತಿದ್ದಳು. ಗಿರಣಿ ಮುಚ್ಚಿದ ಎಷ್ಟೋ ವರ್ಷದ ಮೇಲೆ ಬಸ್‌ಸ್ಟಾಪಿನಲ್ಲಿ ಆಮೇಲಮ್ಮ ಸಿಕ್ಕಿದ್ದಳು, ಕಿವಿ ಪೂರ್ತಿ ಹೋಗಿತ್ತು, ಗುರುತೂ ಸಿಗಲಿಲ್ಲವೇನೋ, ಓದು ಮುಗೀತು, ಕೆಲಸ ಸಿಕ್ತು ಎಂದು ತುಟಿ ಬಿಡಿಸಿ ಬಿಡಿಸಿ ಹೇಳಿದರೆ ಹುಬ್ಬು ಮೆಲ್ಲಗೆ ಮೇಲೇರಿತು, ಆಮೇಲೆ? ಅಷ್ಟರಲ್ಲಿ ಬಸ್ಸು ಬಂತು, ಅವಳನ್ನು ಅಲ್ಲೇ ಬಿಟ್ಟು ತಾನು ಹತ್ತಿಬಿಟ್ಟಳು, ಹತ್ತಬಾರದಿತ್ತು.

ಕಿಟಕಿಯ ಹತ್ತಿರ ಒಬ್ಬ ಪುಟ್ಟ, ನೀಲಿ ಕಾಲುಚೀಲ, ಹೊರಗೆ ಏನನ್ನೋ ತೋರಿಸುತ್ತಿದ್ದಾನೆ, ಬೆರಳು ನೆಟ್ಟಗೆ, ಬೌ, ನಾಯಿಯಿರಬೇಕು, ಬೌ, ಇಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹುಡುಗಿ ಕೆಟ್ಟವಳೇನಲ್ಲ, ಸೌಮ್ಯ ಮುಖ, ಒಬ್ಬಳೇ ಏನು ಮಾಡಿಯಾಳು, ಒಂದರ ಮೂಗು ಒರೆಸಿ ಇನ್ನೊಂದರ ಚಡ್ಡಿ ಬದಲಿಸುತ್ತಾ, ತಿರುಗದೆಯೇ, ಆಮೇಲೆ ಪುಟ್ಟಾ, ಆಮೇಲೆ — ಅದೇ ಪದ, ಅಮ್ಮನ ಒಲೆ ಮುಂದಿನದು, ಆದರೆ ಆ ಪುಟ್ಟನಿಗೆ ಮುಂದಕ್ಕೆ ಹೇಳು ಎಂಬ ಆ ಅರ್ಥ ಯಾರೂ ಕೊಟ್ಟಿಲ್ಲ, ಬೆರಳು ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು, ಮಡಚಿಕೊಂಡಿತು, ಅಳಲಿಲ್ಲ, ಹಟ ಮಾಡಲಿಲ್ಲ, ಸದ್ದಿಲ್ಲದ್ದು ಇದಕ್ಕೇ, ಅತ್ತರೆ ಕ್ಯಾಮೆರಾದಲ್ಲಿ ಕಾಣುತ್ತಿತ್ತು, ಮಡಚಿದ ಬೆರಳು ಎಲ್ಲಿ ಕಂಡೀತು, ಮಗಳನ್ನು ಕರೆದುಕೊಂಡು ಹೋಗಿಬಿಡಬೇಕು, ಎಲ್ಲಿಗೆ. ಮ್ಯಾನೇಜರಮ್ಮ ಬಂದಳು, ನೋಡಿದ್ರಲ್ಲ ಮೇಡಂ, ಒಂಚೂರೂ ಗಲಾಟೆ ಇಲ್ಲ, ಸೋಮವಾರದಿಂದ ಕಳಿಸ್ತೀರಲ್ಲ. ತೊಡೆಯ ಮೇಲೆ ಮಗಳು ಕೈ ಎತ್ತಿದ್ದಾಳೆ, ಆ ಪುಟ್ಟನ ಕಡೆಗೋ ಕಿಟಕಿಯಾಚೆಗೋ, ಪುಟ್ಟ ಬೆರಳು, ಅಮ್ಮಾ, ಅ, ಅ, ಏನು ಹೇಳುವುದು, ಬೇರೆ ಕಡೆ ಎಲ್ಲಿದೆ, ಬಾಯಿಗೆ ಬಂದದ್ದು ಅದೊಂದೇ, ಆಮೇಲೆ ಹೇಳ್ತೀನಿ. ಮ್ಯಾನೇಜರಮ್ಮನಿಗೆ ಹೇಳಿದ್ದು, ಮಗಳಿಗಲ್ಲ, ಮಗಳಿಗಲ್ಲವೇ ಅಲ್ಲ, ಆದರೆ ಆ ಪದ ಕಿವಿಗೆ ಬಿದ್ದದ್ದೇ ಮಗಳ ಎತ್ತಿದ ಕೈ — ಅದಕ್ಕೆ ರೂಢಿಯಾಗಿಹೋಗಿದೆ, ಯಾರು ರೂಢಿ ಮಾಡಿಸಿದರು, ಇಷ್ಟು ದಿನ ಹಗಲೆಲ್ಲ ಜೊತೆಗಿದ್ದದ್ದು ತಾನೊಬ್ಬಳೇ — ಬೆರಳು, ಅಳದೆ, ಹಟ ಮಾಡದೆ, ಮೆಲ್ಲಗೆ ಮಡಚಿಕೊಳ್ಳುತ್ತಿದೆ, ಬೆರಳು