ಸೀಸೆಯಲ್ಲಿ ಕಡಿಮೆ ಬಿದ್ದ ಗಾಳಿ

ಚಳ್ಳಕೆರೆಯ ಎಣ್ಣೆ ಗಿರಣಿಯ ಸಾಹುಕಾರ ಓಂಕಾರಮೂರ್ತಿಗಳಿಗೆ ಕಲಬೆರಕೆ ಎಂಬುದು ಹೊಸದಲ್ಲ. ಶೇಂಗಾ ಎಣ್ಣೆಗೆ ತಾಳೆ ಎಣ್ಣೆ ಬೆರೆತಿದ್ದರೆ ಡಬ್ಬಿ ಬಿಚ್ಚಿ ಒಮ್ಮೆ ಮೂಸಿದರೆ ಸಾಕು, ಅವರ ಮೂಗೇ ಹೇಳಿಬಿಡುತ್ತಿತ್ತು. ಅಂಥವರು ಈಗ ಹೊಗೆಯ ಲೆಕ್ಕ ಹತ್ತದೆ ತಲೆ ಕೆರೆದುಕೊಳ್ಳುತ್ತಿದ್ದರು.

ಊರಾಚೆಯ ಒಂದು ಸಂಶೋಧನಾ ಕೇಂದ್ರದವರು ಗಿರಣಿಯ ಬಾಯ್ಲರ್ ಚಿಮಣಿಗೆ ಪ್ರಯೋಗಕ್ಕೆಂದು ಯಂತ್ರ ಜೋಡಿಸಿದ್ದರು. ಶೇಂಗಾ ಸಿಪ್ಪೆ ಉರಿದ ಹೊಗೆ ಅಮೈನ್ ಎಂಬ ನಾರುವ ದ್ರಾವಣದೊಳಗೆ ಹಾಯುತ್ತದೆ, ಹೊಗೆಯಲ್ಲಿನ ಇಂಗಾಲದ ಗಾಳಿಯನ್ನು ದ್ರಾವಣ ಹಿಡಿದಿಟ್ಟುಕೊಳ್ಳುತ್ತದೆ. ಎಷ್ಟು ಹಿಡಿಯಿತೆಂದು ನೋಡಲು ಬಾಯ್ಲರ್ ಕೆಲಸದ ಯತ್ತಪ್ಪ ದಿನವೂ ಬಿಸಿ ಕೊಳವೆಯಿಂದ ಒಂದು ಗಾಜಿನ ಸೀಸೆ ತುಂಬಿ, ಮುಚ್ಚಳ ಬಿಗಿದು, ಕಚೇರಿಗೆ ತರುತ್ತಿದ್ದ. ಗಿರಣಿಯಿಂದ ಹೊರಗೆ ಹೋಗುವ ಯಾವ ಮಾಲೂ ಸಾಹುಕಾರರ ಮೇಜು ಮುಟ್ಟದೆ ಹೋಗುವಂತಿರಲಿಲ್ಲ. ಅವರು ಬಿಚ್ಚಿ, ಮೂಸಿ, ಮುಖ ಕಿವುಚಿ, ಮುಚ್ಚಿ ಕಳಿಸುತ್ತಿದ್ದರು. ಕೇಂದ್ರದಲ್ಲಿ ಸ್ವಪ್ನ ಎಂಬ ಹುಡುಗಿ ಅದನ್ನು ಅಳೆಯುತ್ತಿದ್ದಳು.

ಅಳತೆ ಮಾತ್ರ ಕೂಡಿ ಬರಲೊಲ್ಲದು.

"ಸಾರ್, ಗಾಳಿ ದ್ರಾವಣದಾಗೆ ಒಂದೇ ರೂಪದಾಗೆ ಇರಲ್ಲ," ಎಂದಳು ಸ್ವಪ್ನ ಫೋನಿನಲ್ಲಿ. "ಒಂದಿಷ್ಟು ಅಮೈನಿಗೇ ಅಂಟ್ಕಂಡು ಕಾರ್ಬಮೇಟ್ ಆಗ್ತೈತೆ. ಒಂದಿಷ್ಟು ನೀರಿನ ಜೊತೆ ಸೇರಿ ಬೈಕಾರ್ಬನೇಟ್ ಆಗ್ತೈತೆ. ಎರಡನ್ನೂ ಬೇರೆಬೇರೆ ಅಳೆದು ಕೂಡಿಸಿದ್ರೆ, ದ್ರಾವಣ ಹೊಗೆಯಿಂದ ಹಿಡೀತು ಅಂತ ಯಂತ್ರ ತೋರಿಸಿದಷ್ಟೂ ಸಿಗಬೇಕು. ಬೈಕಾರ್ಬನೇಟ್ ಕಡಿಮೆ ಬರ್ತೈತೆ."

"ಉಳಿದಿದ್ದು ಎಲ್ಲಿಗೆ ಹೋತು?"

"ಅದೇ ಗೊತ್ತಾಗ್ತಿಲ್ಲ ಸಾರ್."

ಅವಳಿಗೇ ಗೊತ್ತಾಗದ್ದು ಇವರಿಗೆ ಗೊತ್ತಾಗುವುದು ಹೇಗೆ? ಗಾಳಿ ನೀರಿನಲ್ಲಿ ವೇಷ ಬದಲಿಸುತ್ತದೆ ಎನ್ನುವುದೇ ಅವರ ತಲೆಗೆ ಹತ್ತಲಿಲ್ಲ. 'ಕಡಿಮೆ' ಎಂಬ ಒಂದು ಮಾತು ಮಾತ್ರ ನೆಟ್ಟಗೆ ಒಳಗಿಳಿಯಿತು. ಕಡಿಮೆ ಬಿತ್ತೆಂದರೆ ಯಾರೋ ದುಬಾರಿ ದ್ರಾವಣ ಬಸಿದುಕೊಂಡು ನೀರು ಬೆರೆಸಿದ್ದಾರೆ. ಆ ಹುಡುಗಿಯನ್ನು ಕೇಳಿದ್ದರೆ ನೀರು ಬೆರೆತಿಲ್ಲವೆಂದು ನಿಂತ ಕಾಲಲ್ಲೇ ಹೇಳುತ್ತಿದ್ದಳು. ಕೇಳುವುದು ಅವರ ಜಾಯಮಾನವಲ್ಲ.

ಸೀಸೆ ತುಂಬುವವನು ಯತ್ತಪ್ಪನೊಬ್ಬನೇ. ಕೈ ಸುಟ್ಟುಕೊಂಡ ದಿನವೂ ಬಾಯ್ಲರ್ ಬಿಟ್ಟು ಹೋಗದ ಮನುಷ್ಯ. ಅವನು ಕದ್ದಾನೇ ಎಂದು ಮನಸ್ಸು ಒಂದು ಕಡೆ ಎಳೆಯಿತು, ಮತ್ಯಾರು ಎಂದು ಇನ್ನೊಂದು ಕಡೆ ಎಳೆಯಿತು. ಎರಡು ದಿನ ಊಟ ರುಚಿಸಲಿಲ್ಲ. ಮೂರನೆಯ ದಿನ ಸಂಜೆ ಕೆಲಸ ಬಿಟ್ಟು ಎಲ್ಲರೂ ಹೊರಡುವಾಗ ಗೇಟಿನಲ್ಲಿ ಯತ್ತಪ್ಪನ ಚೀಲ ಬಿಚ್ಚಿಸಿದರು. ಉಳಿದ ಸಜ್ಜೆ ರೊಟ್ಟಿ ಮಣ್ಣಿಗೆ ಬಿತ್ತು. ಬೇರೇನೂ ಇರಲಿಲ್ಲ. ಯತ್ತಪ್ಪ ರೊಟ್ಟಿ ಎತ್ತಿಕೊಂಡು, ಒರೆಸಿ, ಚೀಲಕ್ಕೆ ಹಾಕಿಕೊಂಡು ಹೋದವನು ಮರುದಿನ ಬರಲಿಲ್ಲ.

ಅವನ ಜಾಗಕ್ಕೆ ವೀರೇಶ ಬಂದ. ಬೈಕಾರ್ಬನೇಟ್ ಆಗಲೂ ಕಡಿಮೆಯೇ ಬಂತು! ಹಾಗಾದರೆ ಇವನೂ ಕಳ್ಳನೇ? ಅಥವಾ ಯತ್ತಪ್ಪನೂ ಕಳ್ಳನಲ್ಲವೇ? ಓಂಕಾರಮೂರ್ತಿಗಳಿಗೆ ತಲೆ ಕೆಟ್ಟು ಗೊಬ್ಬರವಾಯಿತು. ಅಂಥದರಲ್ಲಿ ಹೆಂಡತಿ ದಾಕ್ಷಾಯಿಣಿ ಸೀರೆ ಕೊಳ್ಳಬೇಕೆಂದು ಮೊಳಕಾಲ್ಮೂರಿಗೆ ಹೊರಡಿಸಿದರು. ನೇಕಾರರ ಮನೆಯಲ್ಲಿ ರೇಷ್ಮೆ ಹರವಿದರೂ ಅವರಿಗೆ ಕಂಡದ್ದು ಮಣ್ಣಿಗೆ ಬಿದ್ದ ರೊಟ್ಟಿಯೇ.

ಮರುದಿನ ಸ್ವಪ್ನ ಗಿರಣಿಗೇ ಓಡಿ ಬಂದಳು.

"ಸಾರ್, ನಿನ್ನೆ ಸೀಸೇದು ಪೂರ್ತಿ ಕೂಡ್ತು! ಏನು ಬದಲು ಮಾಡಿದ್ರಿ?"

"ಏನೂ ಇಲ್ಲಮ್ಮ. ನಿನ್ನೆ ನಾನು ಊರಾಗೇ ಇರಲಿಲ್ಲ, ವೀರೇಶನೇ ನೇರ ಕಳಿಸಿದ್ದ."

ಅಷ್ಟರಲ್ಲಿ ವೀರೇಶ ಅಂದಿನ ಸೀಸೆ ತಂದು ಮೇಜಿನ ಮೇಲಿಟ್ಟ. ಮಾತಾಡುತ್ತಲೇ ಓಂಕಾರಮೂರ್ತಿಗಳ ಕೈ ತಾನಾಗಿ ಮುಚ್ಚಳ ತಿರುಗಿಸಿತು. ಸೊರ್ ಎಂದಿತು. ಗೋಲಿಸೋಡದ ಹಾಗೆ ಗುಳ್ಳೆ ಎದ್ದವು. ಅವರು ಮೂಗು ಹತ್ತಿರ ಒಯ್ದರು.

"ಅಯ್ಯೋ! ದಿನಾ ಹಿಂಗೇ ತೆಗೀತೀರಾ?"

"ಮೂಸದೆ ಹೆಂಗಮ್ಮ ಕಳ್ಸೋದು?"

"ಗುಳ್ಳೆ ನೋಡ್ರಿ ಸಾರ್. ಬಿಸಿ ಇರೋವಾಗ ಬಿಚ್ಚಿದ್ರೆ ಹಿಡಿದ ಗಾಳಿ ಎದ್ದು ಹೋಗ್ತೈತೆ, ಬೈಕಾರ್ಬನೇಟ್ ಇಳೀತೈತೆ. ನಾನು ಇಷ್ಟು ದಿನ ಹುಡುಕ್ತಿದ್ದಿದ್ದು ಇದನ್ನೇ."

ಓಂಕಾರಮೂರ್ತಿಗಳು ಮುಚ್ಚಳವನ್ನು ಕೈಯಲ್ಲಿ ಹಿಡಿದೇ ಕೂತರು. ಕಾರ್ಬಮೇಟ್, ಬೈಕಾರ್ಬನೇಟ್ ಈಗಲೂ ಅರ್ಥವಾಗಲಿಲ್ಲ. ಕಳ್ಳ ಯಾರೆಂಬುದು ಮಾತ್ರ ಅರ್ಥವಾಯಿತು.

ಸಂಜೆ ನಾಯಕನಹಟ್ಟಿ ಕಡೆಯ ಹಟ್ಟಿಗೆ ಒಬ್ಬರೇ ಹೋದರು. ಯತ್ತಪ್ಪ ತಮ್ಮನ ಕುರಿಗಳನ್ನು ರೊಪ್ಪಕ್ಕೆ ಕೂಡುತ್ತಿದ್ದ. ಅವನ ಹೆಂಡತಿ ಮೂಗಮ್ಮ ನೀರು ತಂದುಕೊಟ್ಟಳು, ಕೂತುಕೊಳ್ಳಿ ಎನ್ನಲಿಲ್ಲ.

"ಕಡಿಮೆ ಬಿದ್ದಿದ್ದು ಸಿಕ್ತಾ ಸಾವ್ಕಾರ್ರೇ?" ಎಂದ ಯತ್ತಪ್ಪ.

"ಸಿಕ್ತು."

"ಯಾರು ತಗಂಡಿದ್ರು?"

"ನಾನೇ ಕಣೋ. ಮೂಸಿ ಮೂಸಿ ಬಿಟ್ಟುಬಿಟ್ಟಿದ್ದೆ."

"ಬಿಟ್ಟಿದ್ದು ಏನು?"

"ಗಾಳಿ," ಎಂದರು ಓಂಕಾರಮೂರ್ತಿಗಳು. "ಬರೀ ಗಾಳಿ. ತಪ್ಪಾತು ಯತ್ತಪ್ಪ. ನಾಳೆ ಕೆಲಸಕ್ಕೆ ಬಾ."

ಯತ್ತಪ್ಪ ರೊಪ್ಪದ ಮುಳ್ಳುಬಾಗಿಲು ಎಳೆದು ಕಟ್ಟಿದ. ಮೂಗಮ್ಮ ಒಳಗೆ ಹೋಗಿ ಆ ಊಟದ ಚೀಲವನ್ನು ತಂದು ಗಂಡನ ಕೈಗೆ ಕೊಟ್ಟಳು. ಅವನು ಅದನ್ನು ಸಾಹುಕಾರರ ಕೈಗೆ ಕೊಟ್ಟ.

"ಬರ್ತೀನಿ. ಚೀಲ ನಿಮ್ಮ ಹತ್ರಾನೇ ಇರ್ಲಿ," ಎಂದ. "ಬೆಳಗ್ಗೆ ಎಲ್ರೂ ಬಂದಿರ್ತಾರೆ. ಈಗ ನನಗೆ ಹೇಳಿದ್ದನ್ನ ಗೇಟಿನಾಗೆ ಹೇಳಿ, ನಿಮ್ಮ ಕೈಯಾರೆ ಕೊಡ್ರಿ."