ಒಂದೇ ಬಾಯಿಯ ಮಿಷನ್ನು

"ಮೋಟಾರು ಎಷ್ಟು ಎಚ್.ಪಿ. ಅಮ್ಮ?" ಎಂದು ಅಂಗಡಿಯ ಮರುಳಸಿದ್ದಯ್ಯ ಕೇಳಿದ. ಹೊನ್ನಕ್ಕ ಬಾಯಿ ತೆರೆಯುವುದರೊಳಗೆ ಅವಳ ಮೈದುನ ದಾಸಣ್ಣ "ಹತ್ತು" ಎಂದುಬಿಟ್ಟ. ಬೆಳಗ್ಗೆ ಬಡವನಹಳ್ಳಿಯಲ್ಲಿ ಬಸ್ಸು ಹತ್ತಿದಾಗಿನಿಂದ ಇದೇ ಆಗಿತ್ತು. ಎಲ್ಲಿಗೆ ಎಂದು ಕಂಡಕ್ಟರು ಕೇಳಿದರೆ ಅವನೇ ಹೇಳುವುದು, ಕಾಫಿಯೋ ಟೀಯೋ ಎಂದು ಹೋಟೆಲಿನವನು ಕೇಳಿದರೂ ಅವನೇ ಹೇಳುವುದು. ಹೊನ್ನಕ್ಕನಿಗೆ ಟೀ ಸೇರುತ್ತಿರಲಿಲ್ಲ. ಆದರೂ ಕುಡಿದಿದ್ದಳು.

ಮಧುಗಿರಿ ಬಸ್ ನಿಲ್ದಾಣದ ಹಿಂದಿದ್ದ ಆ ಅಂಗಡಿಯಲ್ಲಿ ಹಿಟ್ಟು ಬೀಸುವ ಮಿಷನ್ನುಗಳು ಹೊಸ ಹಸಿರು ಬಣ್ಣ ಬಳಿದುಕೊಂಡು ನಿಂತಿದ್ದವು. ಅವುಗಳಲ್ಲಿ ಎರಡು ಅವಳ ಮೋಟಾರಿಗೆ ಹೊಂದುವಂಥವು. ಒಂದು, ದೊಡ್ಡ ಕಲ್ಲಿನ ಒಂಟಿ ಮಿಷನ್ನು. ಮೇಲೆ ಕಾಳು ಸುರಿಯಲು ಒಂದೇ ಬಾಯಿ. ಇನ್ನೊಂದು ಜೋಡಿ ಮಿಷನ್ನು. ಒಂದೇ ಕಬ್ಬಿಣದ ಚೌಕಟ್ಟಿನ ಮೇಲೆ ಅಕ್ಕಪಕ್ಕ ಎರಡು ಸಣ್ಣ ಕಲ್ಲು, ಎರಡು ಬಾಯಿ. ಬೆಲ್ಟನ್ನು ಯಾವುದಕ್ಕೆ ಹಾಕಿದರೆ ಅದು ತಿರುಗುತ್ತದೆ.

"ಜೋಡೀನೇ ಕೊಡಿ ಸ್ವಾಮಿ," ಎಂದ ದಾಸಣ್ಣ. "ಮಾತಾಡ್ಕಂಡೇ ಬಂದಿದೀವಿ."

ಮರುಳಸಿದ್ದಯ್ಯ ವ್ಯಾಪಾರಿಯೇ, ಆದರೆ ಬಾಯಿ ಸುಮ್ಮನಿರದ ವ್ಯಾಪಾರಿ. "ಕೊಡೋದಕ್ಕೇನು, ಕೊಡ್ತೀನಿ. ಜೋಡೀಲಿ ನನಗೂ ನಾಲ್ಕು ಕಾಸು ಜಾಸ್ತಿ ಉಳಿಯುತ್ತೆ. ಒಂದರಲ್ಲಿ ರಾಗಿ, ಇನ್ನೊಂದರಲ್ಲಿ ಮೆಣಸಿನಕಾಯಿ, ಚೆನ್ನಾಗೇ ಇರುತ್ತೆ. ಆದರೆ ನಿಮ್ಮ ಕಡೆ ಕರೆಂಟು ಗೊತ್ತಲ್ಲ. ಇದ್ದಾಗ ಬೇಗ ಬೇಗ ಬೀಸಿ ಜನಾನ ಕಳಿಸಬೇಕು. ಅದಕ್ಕೆ ದೊಡ್ಡ ಕಲ್ಲೇ ಮೇಲು, ಮೋಟಾರಿನ ಶಕ್ತಿಯೆಲ್ಲ ಒಂದೇ ಕಡೆ ಸಿಗುತ್ತೆ. ಯಾವುದಕ್ಕೂ ಮಿಷನ್ನು ನಡೆಸೋರು ಯಾರು, ಅದನ್ನ ಹೇಳಿ."

"ನಾನು," ಎಂದಳು ಹೊನ್ನಕ್ಕ.

"ನಾವು," ಎಂದ ದಾಸಣ್ಣ.

ಇಡೀ ಜಗಳ ಇದ್ದದ್ದು ಇಷ್ಟರಲ್ಲೇ. ಮೋಟಾರು ಅವಳದು. ಮದುವೆಯಲ್ಲಿ ತವರಿನವರು ಬಳುವಳಿ ಕೊಟ್ಟ ಕುರಿಗಳು ಗಂಡನ ಮನೆಯಲ್ಲಿ ಅವಳ ಹೆಸರಿನಲ್ಲೇ ಮರಿ ಹಾಕುತ್ತ ಬಂದಿದ್ದವು. ಕಿವಿಯ ತುದಿ ಸೀಳಿದ ಕುರಿ ಎಂದರೆ ಹೊನ್ನಕ್ಕನದು, ಅವಳನ್ನು ಕೇಳದೆ ಅದನ್ನು ಯಾರೂ ಮಾರುವಂತಿಲ್ಲ ಎನ್ನುವುದು ಅವರ ಗೊಲ್ಲರಹಟ್ಟಿಯ ಕಟ್ಟು. ಗಂಡ ನರಸಪ್ಪ ಹಾವು ಕಚ್ಚಿ ತೀರಿಕೊಂಡ ಮೇಲೆ ಆ ಕುರಿಗಳ ಹಿಂದೆ ತಾನೇ ಅಡವಿ ಸುತ್ತಿದಳು. ಅಷ್ಟರಲ್ಲಿ ಹಟ್ಟಿಗೆ ಕರೆಂಟು ಬಂತು. ಹೆಂಗಸರು ಮಾತ್ರ ಇನ್ನೂ ರಾಗಿ ತಲೆಯ ಮೇಲೆ ಹೊತ್ತು ಬಡವನಹಳ್ಳಿಯ ಮಿಷನ್ನಿಗೆ ನಡೆದು, ಸರದಿಗೆ ಕೂತು, ಕರೆಂಟು ಹೋದರೆ ಹೊತ್ತದ್ದನ್ನೇ ಮತ್ತೆ ಹೊತ್ತು ಬರುತ್ತಿದ್ದರು. ಅದನ್ನು ನೋಡಿ ನೋಡಿ ಹೊನ್ನಕ್ಕ ಒಂದು ದಿನ ಕುರಿಗಳನ್ನೆಲ್ಲ ಸಿರಾ ಸಂತೆಗೆ ಹೊಡೆದುಕೊಂಡು ಹೋದಳು. ಬರುವಾಗ ಮೋಟಾರು ತಂದಳು.

ಮೋಟಾರು ಬಂದ ಮೇಲೆ ಹಟ್ಟಿಯ ಯಜಮಾನ ಯತ್ತಪ್ಪ ಬೇವಿನ ಮರದ ಕೆಳಗೆ ಎಲ್ಲರನ್ನೂ ಕೂರಿಸಿದ. ಯತ್ತಪ್ಪ ಕೆಟ್ಟವನಲ್ಲ, ಅದೇ ಕಷ್ಟ. ಕೆಟ್ಟವರಿಗೆ ಎದುರಾಡುವುದು ಸಲೀಸು. ನರಸಪ್ಪ ಸತ್ತಾಗ ಅವಳ ಮನೆಗೆ ಕಾಳು ಕಳಿಸಿ, ಕಳಿಸಿದ್ದನ್ನು ಯಾರಿಗೂ ಹೇಳದೆ ಇದ್ದವನು ಅವನು.

"ಒಳ್ಳೇ ಕೆಲ್ಸ ಮಾಡಿದ್ದೀಯ ಕಣಮ್ಮ," ಎಂದ. "ಆದ್ರೆ ಹಟ್ಟಿ ಅಂದ್ಮೇಲೆ ದೇವ್ರ ಎಡೆಗೆ ದೇವ್ರ ಹಿಟ್ಟು ಅಂತ ಒಂದೈತೆ. ನೀನು ತಿಂಗ್ಳು ತಿಂಗ್ಳು ಹೊರಗಾಗೋಳು. ನೀನು ಮುಟ್ಟಿದ ಕಲ್ನಾಗೆ ಅದನ್ನ ಹೆಂಗೆ ಬೀಸಾದು? ಎರಡು ಕಲ್ಲಿಂದು ತಗಾ. ಒಂದು ಹಟ್ಟಿ ಕಲ್ಲು, ಅದನ್ನ ದಾಸಣ್ಣ ನೋಡ್ಕಳ್ಲಿ. ಇನ್ನೊಂದ್ರಾಗೆ ಹಾದೀಲಿ ಹೋಗೋರ್ದು, ಬರೋರ್ದು, ಮೆಣಸಿನಕಾಯಿ, ಏನಾರ ಬೀಸ್ಕ. ಅದು ನಿಂದು."

ಮುಟ್ಟಾದ ಇಲ್ಲವೇ ಹೆತ್ತ ಹೆಂಗಸು ಹಟ್ಟಿಯ ಮುಳ್ಳುಬೇಲಿಯ ಆಚೆ ಗುಡಿಸಲಿನಲ್ಲಿ ಇರಬೇಕು, ಅವಳನ್ನು ಯಾರೂ ಮುಟ್ಟಬಾರದು, ಅವಳು ಮುಟ್ಟಿದ್ದು ಬೇಲಿಯ ಒಳಗೆ ಬರಬಾರದು. ಇದು ಅಲ್ಲಿ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಎಲ್ಲರೂ ತಲೆಯಾಡಿಸಿದರು. ಅವಳ ಅತ್ತೆ ಮುನಿಯಮ್ಮನೂ ಆಡಿಸಿದಳು. ಹೊನ್ನಕ್ಕನಿಗೆ ಲೆಕ್ಕ ಹೊಳೆದದ್ದು ರಾತ್ರಿ ಮಲಗಿದಾಗ. ಹಟ್ಟಿಯ ರಾಗಿಯೆಲ್ಲ ದಾಸಣ್ಣನ ಕಲ್ಲಿಗೆ, ತನ್ನ ಕಲ್ಲಿಗೆ ದಾರಿಹೋಕರ ಮೆಣಸಿನಕಾಯಿ. ಮೋಟಾರು ತನ್ನದೇ, ಬೆಲ್ಟು ಮಾತ್ರ ಸದಾ ಅವನ ಕಡೆಗೇ. ಕುರಿಯೆಲ್ಲ ಕೊಟ್ಟು ಕೊನೆಗೆ ನಾಯಿ ಕಾಯುತ್ತ ಕೂತಂತೆ.

ಈಗ ಅಂಗಡಿಯಲ್ಲಿ ಅವಳು ಒಂಟಿ ಮಿಷನ್ನಿನ ಹತ್ತಿರ ಹೋಗಿ ಅದರ ಮೇಲಿನ ಬಾಯಿಗೆ ಕೈ ಹಾಕಿ ನೋಡಿದಳು. ಮೊಳಕೈವರೆಗೂ ಹೋಯಿತು.

"ಇದನ್ನೇ ಕೊಡಿ ಸ್ವಾಮಿ."

"ಅತ್ಗೆ, ಯಜಮಾನ್ರು ಏನಂದ್ರು?" ದಾಸಣ್ಣ ಧ್ವನಿ ತಗ್ಗಿಸಿದ.

"ಅವ್ರು ಏನಂದ್ರು ಅಂತ ನಂಗೂ ಕೇಳುಸ್ತು ಕಣಪ್ಪ. ನನ್ ಮೋಟ್ರಿಗೆ ಯಾವ್ದು ಕಟ್ಬೇಕು ಅಂತ ಈಗ ನಾನು ಹೇಳ್ತಿದೀನಿ."

"ಹಟ್ಟಿಯೋರು ಕಾಳು ತರ್ದೇ ಹೋದ್ರೆ?"

"ಬಡವನಹಳ್ಳಿಗೆ ಹೊತ್ಕಂಡು ಹೋಗ್ಲಿ. ಕಾಲು ಗಟ್ಟಿ ಅವೆ."

ದಾಸಣ್ಣ ಮಿಷನ್ನನ್ನೂ ಅವಳನ್ನೂ ನೋಡಿದ. ಆಮೇಲೆ ಏನೋ ಹೊಳೆದವನಂತೆ ನಕ್ಕ. "ಆಗ್ಲಿ ಬುಡು. ಒಂದೇ ಕಲ್ಲಾದ್ರೆ ಇನ್ನೂ ಒಳ್ಳೇದೇ ಆತು. ನೀನು ಹೊರಗಾದಾಗ ಬೀಗದಕೈ ನನ್ ಕೈಗೆ ಬರ್ಬೇಕು. ಆಮ್ಯಾಕೆ ಕಲ್ಲು ತೊಳ್ಕಂಡ್ರಾತು. ಯಜಮಾನ್ರಿಗೆ ಅಂಗಂತ ಹೇಳ್ತೀನಿ."

ಹೊನ್ನಕ್ಕ ಕುರಿಯ ದುಡ್ಡಿನಲ್ಲಿ ಉಳಿದಿದ್ದನ್ನು ಸೆರಗಿನ ಗಂಟಿನಿಂದ ಬಿಚ್ಚಿ ಎಣಿಸತೊಡಗಿದಳು. ಮರುಳಸಿದ್ದಯ್ಯ ಹಗ್ಗ ತರಲು ಒಳಗೆ ಹೋದ.

ಮಿಷನ್ನಿಗೆ ಅವಳು ಆರಿಸಿದ ಜಾಗ ಮುಳ್ಳುಬೇಲಿಯ ಹೊರಗೆ, ರಸ್ತೆಯ ಪಕ್ಕ, ಗಂಡನ ಪಾಲಿಗೆ ಬಂದಿದ್ದ ತುಂಡು ನೆಲ. ಲೈನು ಎಳೆಯಲು ಕಂಬ ಹತ್ತಿರ ಎಂದಳು, ಗಾಡಿಗಳು ಬರಲು ಅನುಕೂಲ ಎಂದಳು. ಎರಡೂ ನಿಜವೇ. ಯತ್ತಪ್ಪ ತಾನೇ ಬಂದು ತೆಂಗಿನಕಾಯಿ ಒಡೆದ, ದೇವರ ಹಿಟ್ಟಿನ ರಾಗಿಯನ್ನೇ ಮೊದಲು ಸುರಿಸಿದ. ಬೆಲ್ಟು ಪಟಪಟ ಬಡಿದು ಕಲ್ಲು ಗುಂಯ್ ಎಂದಾಗ ಹೊನ್ನಕ್ಕ ನಕ್ಕುಬಿಟ್ಟಳು. ತನ್ನ ಜೀವಮಾನದಲ್ಲಿ ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ, ಮದುವೆಯ ದಿನವೂ ಆಗಿರಲಿಲ್ಲ.

ಆಮೇಲಿನ ದಿನಗಳಲ್ಲಿ ಹೆಂಗಸರು ಪುಟ್ಟಿ ಹೊತ್ತು ಬಂದರು, ಕೂತರು, ಮಿಷನ್ನಿನ ಸದ್ದಿನ ಮೇಲೆ ಕಿರುಚಿ ಗುಟ್ಟು ಮಾತಾಡಿಕೊಂಡರು. ಹಾಗೆ ಆಡಿದ ಗುಟ್ಟು ರಸ್ತೆಯ ಆಚೆಗೂ ಕೇಳುತ್ತಿತ್ತು. ಹೊನ್ನಕ್ಕ ರೆಪ್ಪೆಯವರೆಗೂ ಹಿಟ್ಟು ಮೆತ್ತಿಕೊಂಡು ಓಡಾಡಿದಳು. ಇಡೀ ಹಟ್ಟಿಗೆ ಅವಳ ಮಿಷನ್ನು ರೂಢಿಯಾಯಿತು. ರೂಢಿಯಾಗುವಷ್ಟರಲ್ಲಿ ಆ ದಿನವೂ ಬಂತು.

ಬೆಳಗಿನ ಜಾವ ಅವಳು ಅತ್ತೆಗೆ ದೂರದಿಂದಲೇ ಹೇಳಿ, ಚಾಪೆ, ಚೊಂಬು, ತನ್ನ ಪಾಲಿನ ಒಂದು ಪುಟ್ಟಿ ರಾಗಿ ತೆಗೆದುಕೊಂಡು ಬೇಲಿ ದಾಟಿ ಗುಡಿಸಲಿಗೆ ಹೋದಳು. ಕಟ್ಟು ಮುರಿಯಲಿಲ್ಲ. ಹೊತ್ತೇರಿ ಕರೆಂಟು ಬಂದಾಗ ಗುಡಿಸಲಿನಿಂದ ಎದ್ದು, ರಾಗಿಯ ಪುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ನೆಟ್ಟಗೆ ಮಿಷನ್ನಿನ ಮನೆಯ ಕಡೆಗೆ ನಡೆದಳು.

ಅಲ್ಲಿ ಹೆಂಗಸರು ಸರದಿಗೆ ಕೂತಿದ್ದರು. ಮುನಿಯಮ್ಮನೂ ಇದ್ದಳು. ದಾಸಣ್ಣ ಮಿಂದು, ಮಡಿ ಪಂಚೆ ಉಟ್ಟು, ಬಾಗಿಲ ಮುಂದೆ ನಿಂತಿದ್ದ. ಪಕ್ಕದಲ್ಲಿ ಯತ್ತಪ್ಪ.

"ಬೀಗದಕೈ ಕೆಳೀಕೆ ಮಡಗು ಅತ್ಗೆ. ನೀರು ಚಿಮುಕ್ಸಿ ತಗಂತೀನಿ," ಎಂದ ದಾಸಣ್ಣ.

ಹೊನ್ನಕ್ಕ ನಿಲ್ಲಲಿಲ್ಲ. ಹೆಜ್ಜೆಯನ್ನು ಜೋರು ಮಾಡಲೂ ಇಲ್ಲ. ಸುಮ್ಮನೆ ನಡೆದುಕೊಂಡು ಬಂದಳು. ಮುಟ್ಟಬಾರದವಳನ್ನು ತಡೆಯುವುದು ಹೇಗೆ? ಕೈ ಹಿಡಿಯುವಂತಿಲ್ಲ, ಸೆರಗು ಎಳೆಯುವಂತಿಲ್ಲ, ಅಡ್ಡ ನಿಂತರೆ ಮೈ ತಗಲುತ್ತದೆ. ಅವಳು ಮಾರು ದೂರಕ್ಕೆ ಬಂದಾಗ ದಾಸಣ್ಣ ಒಂದು ಹೆಜ್ಜೆ ಸರಿದ, ಇನ್ನೂ ಹತ್ತಿರವಾದಾಗ ಪಂಚೆ ಎತ್ತಿಕೊಂಡು ಪಕ್ಕಕ್ಕೆ ನೆಗೆದ. ಯತ್ತಪ್ಪನೂ ಹಿಂದಕ್ಕೆ ಹೋದ. ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿಗೆ ಸೆರಗು ಇಟ್ಟುಕೊಂಡರು. ಹೊನ್ನಕ್ಕ ಬೀಗ ತೆಗೆದಳು.

"ಏನಮ್ಮ ಇದು?" ಯತ್ತಪ್ಪ ಕೇಳಿದ. ಅವನ ದನಿಯಲ್ಲಿ ಸಿಟ್ಟಿಗಿಂತ ದಿಗಿಲು ಹೆಚ್ಚಾಗಿತ್ತು.

"ಬೇಲಿ ಆಚೆ ಇರು ಅಂದ್ರಿ ಮಾವ, ಇದೀನಿ. ಮಿಷನ್ನೂ ಬೇಲಿ ಆಚೆಗೇ ಐತೆ. ದೇವ್ರ ಹಿಟ್ಟಿಗೆ ನಾನು ಬರಲ್ಲ, ಅದನ್ನ ಮನೆ ಬೀಸೋಕಲ್ನಾಗೆ ಬೀಸ್ಕಳಿ. ನಿಮ್ ಹೊಟ್ಟೆ ಹಿಟ್ಟು ಇಲ್ಲಿ ಬೀಸ್ತೀನಿ."

"ಕಾಳು ಹಾಕೋರು ಯಾರು?"

"ನೋಡಾನ."

ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದಳು. ಮೋಟಾರು ಏರಿತು, ಬೆಲ್ಟು ಬಡಿಯಿತು. ಕಾಳಿಲ್ಲದೆ ಓಡಿಸಿದರೆ ಕಲ್ಲಿಗೆ ಕಲ್ಲೇ ಉಜ್ಜಿ ಹಲ್ಲು ಹೋಗುತ್ತದೆ. ತನ್ನ ಪುಟ್ಟಿಯ ರಾಗಿಯನ್ನು ಬಾಯಿಗೆ ಸುರಿದು, ಕೆಳಗೆ ಕಾಳು ಇಳಿಯುವ ಕಂಡಿಯನ್ನು ಆದಷ್ಟು ಕಿರಿದು ಮಾಡಿದಳು. ದೊಡ್ಡ ಕಲ್ಲು, ಹತ್ತು ಎಚ್.ಪಿ. ಅವಳ ಒಂದು ಪುಟ್ಟಿ ಅದಕ್ಕೆ ಯಾವ ಮೂಲೆಗೆ?

ಹೊರಗೆ ಯಾರೂ ಮಿಸುಕಲಿಲ್ಲ. ಹೊನ್ನಕ್ಕನಿಗೆ ಈಗ ನಿಜವಾಗಿ ಹೆದರಿಕೆಯಾಯಿತು. ಇವತ್ತು ಈ ಬಾಯಿ ಬರಿದಾಗಿ ಮೋಟಾರು ನಿಲ್ಲಿಸಿದರೆ ಬೀಗದಕೈ ಅವನದು. ಈ ತಿಂಗಳು ಅವನದಾದರೆ ಮುಂದಿನ ತಿಂಗಳೂ ಅವನದೇ, ನಡುವಿನ ದಿನಗಳೂ ಮೆಲ್ಲಗೆ ಅವನವೇ. ಮಾರಿದ ಕುರಿ ವಾಪಸು ಬರುವುದಿಲ್ಲ. ಮಿಷನ್ನಿನ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಿಲ್ಲಿಸಲು ಮಾತ್ರ ಅವಳು ಹೋಗಲಿಲ್ಲ. ಕಲ್ಲು ಸವೆದರೆ ಸವೆಯಲಿ, ತನ್ನ ಕಲ್ಲು.

ಮೇಲಿನ ಬಾಯಿಯಲ್ಲಿ ತಗಡಿನ ತಳ ಕಾಣತೊಡಗಿತು.

"ಅವ್ವಾ, ಎಲ್ಲಿಗೆ?" ಎಂದು ಹೊರಗೆ ದಾಸಣ್ಣ ಕೇಳಿದ್ದು ಮಿಷನ್ನಿನ ಸದ್ದಿನಲ್ಲೂ ಕೇಳಿಸಿತು. ಮುನಿಯಮ್ಮ ಎದ್ದು ನಿಂತಿದ್ದಳು. ಪುಟ್ಟಿಯನ್ನು ತಲೆಗೆ ಎತ್ತಿಕೊಡಲು ಯಾರೂ ಬರದೆ ತಾನೇ ಸೊಂಟಕ್ಕೆ ಎಳೆದುಕೊಂಡಳು.

"ಅವ್ವಾ, ಆಮ್ಯಾಕೆ ಬೇಲಿ ಒಳೀಕೆ ಹೆಂಗೆ ಬತ್ತೀಯ?"

"ನಿನ್ನ ಹಡೆದು ಆ ಗುಡ್ಲಾಗೆ ಬಿದ್ದಿದ್ನಲ್ಲ," ಎಂದಳು ಮುದುಕಿ, ಅವನ ಕಡೆ ತಿರುಗದೆ. "ಮುದ್ದೆ ತಂದೋರು ದೂರ ಮಡಗಿ ಹೋಗೋರು. ನಾನು ಎದ್ದು ಹೋಗೋವಷ್ಟ್ರಾಗೆ ನಾಯಿ ತಿಂದಿರೋದು. ಅವತ್ತು ಒಬ್ಬಳೂ ಹತ್ರಕ್ಕೆ ಬರ್ಲಿಲ್ಲ ಕಣ್ಲಾ. ನಾನೂ ಆಮ್ಯಾಕೆ ಯಾರ ಹತ್ರಕ್ಕೂ ಹೋಗ್ಲಿಲ್ಲ. ಸರಿ, ಹೊರಗೇ ಇರ್ತೀನಿ ಬುಡು. ಜಾಗ ಐತೆ."

ಬಾಗಿಲು ದಾಟಿ ಒಳಗೆ ಬಂದಳು. ಮಿಷನ್ನಿನ ಬಾಯಿ ಅವಳಿಗೆ ಎತ್ತರವಾಯಿತು. ಪುಟ್ಟಿ ಅರ್ಧಕ್ಕೆ ನಿಂತಿತು. ಹೊನ್ನಕ್ಕ ಕೈ ಚಾಚಿ, ಚಾಚಿದ ಕೈಯನ್ನು ತಡೆದು ಅತ್ತೆಯ ಮುಖ ನೋಡಿದಳು.

"ಹಿಡ್ಕಳ್ಳೇ," ಎಂದಳು ಮುನಿಯಮ್ಮ.

ಇಬ್ಬರೂ ಸೇರಿ ಸುರಿದರು. ಕಲ್ಲಿನ ಸದ್ದು ತಗ್ಗಿ ಗಡುಸಾಯಿತು. ಮುನಿಯಮ್ಮ ಬಗ್ಗಿ, ಹಿಟ್ಟು ಬೀಳುವ ಬಟ್ಟೆಯ ತುದಿಗೆ ಅಂಗೈ ಒಡ್ಡಿದಳು. ಬಿಸಿ ಹಿಟ್ಟು ಕೈ ತುಂಬಿತು. ಹೊರಗೆ ನಿಂತವರಿಗೆಲ್ಲ ಕಾಣುವಂತೆ ಅದನ್ನು ಬೆರಳಲ್ಲಿ ಹೊಸಕಿ ನೋಡಿದಳು.

"ವಸಿ ತರಿ ಐತಲ್ಲೇ ಹೊನ್ನಿ. ಇನ್ನೊಂಚೂರು ನುಣ್ಣಗೆ ಮಾಡು."

ಹೊನ್ನಕ್ಕ ಕಲ್ಲಿನ ತಿರುಪನ್ನು ಬಿಗಿ ಮಾಡಿದಳು. ಮುನಿಯಮ್ಮ ಮತ್ತೆ ಕೈ ಒಡ್ಡಿದಳು.